ನಡುಗಾತ್ರದ ಬೇಟೆಗಾರ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಭಾಗದಲ್ಲಿರುವ ಮಾಂಟಾನಾ ರಾಜ್ಯದಲ್ಲಿ ಹೆಲ್ ಕ್ರೀಕ್ ಎಂಬ ಹಳ್ಳವೊಂದುಂಟು. ನರಕದ ಹಳ್ಳ ಎಂಬುದು ಆ ಹೆಸರಿನ ಅರ್ಥ. ಸುತ್ತಲಿನ ನೆಲವನ್ನು ಕಂಡವರಿಗೆ ಈ ಹೆಸರು ಅತಿಶಯವೆನಿಸುವುದಿಲ್ಲ. ಮಳೆಗಾಳಿಗಳು ಕೊರೆದು ಬಿಟ್ಟ ಬೂದುಬಣ್ಣದ ಬೋಳುಗುಡ್ಡಗಳು, ಅವುಗಳ ನಡುವೆ ಕವಲೊಡೆದು ಸಾಗುವ ಒಣ ಕೊರಕಲುಗಳು, ಅಲ್ಲಲ್ಲಿ ಕುರುಚಲು ಹುಲ್ಲು, ಇಷ್ಟೇ ಅಲ್ಲಿನ ಸಂಪತ್ತು. ಆದರೆ ಸುಮಾರು ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗವು ಮುಗಿಯುತ್ತಿದ್ದ ಕಾಲದಲ್ಲಿ, ಇದೇ ನೆಲವು ಬೆಚ್ಚಗಿನ ತೇವಭರಿತ ಬಯಲಾಗಿತ್ತು. ವಿಶಾಲವಾದ ನದಿಗಳು ನಿಧಾನವಾಗಿ ಬಳುಕುತ್ತ ಹರಿದು ಒಳನಾಡಿನ ಕಡಲೊಂದನ್ನು ಸೇರುತ್ತಿದ್ದುವು. ನದಿಗಳ ಇಕ್ಕೆಲಗಳಲ್ಲಿ ಜೌಗುಗಳೂ ಕಾಡುಗಳೂ ಹಬ್ಬಿದ್ದುವು. ಪ್ರವಾಹ ಬಂದಾಗಲೆಲ್ಲ ನದಿಯು ತಂದು ಸುರಿದ ಹೂಳು ಸತ್ತ ಪ್ರಾಣಿಗಳ ಕಳೇಬರಗಳನ್ನು ಮುಚ್ಚುತ್ತಿತ್ತು. ಆ ಹೂಳೇ ಗಟ್ಟಿಯಾಗಿ ಇಂದಿನ ಬಂಡೆಗಳಾಗಿದೆ.

ಈ ಬೋಳುಗುಡ್ಡಗಳಲ್ಲಿ 1902ರಲ್ಲಿ ಬಾರ್ನಮ್ ಬ್ರೌನ್ ಎಂಬ ಪಳೆಯುಳಿಕೆಗಳ ಸಂಗ್ರಾಹಕನಿಗೆ ಒಂದು ಬೃಹತ್ ಮಾಂಸಾಹಾರಿಯ ಮೂಳೆಗಳು ದೊರೆತುವು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ಪರೀಕ್ಷಿಸಿದ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ 1905ರಲ್ಲಿ ಆ ಪ್ರಾಣಿಗೆ ಟಿರಾನೊಸಾರಸ್ ರೆಕ್ಸ್ ಎಂದು ಹೆಸರಿಟ್ಟನು. ದಬ್ಬಾಳಿಕೆಯ ಹಲ್ಲಿ, ಅದರಲ್ಲಿಯೂ ದೊರೆ ಎಂದು ಈ ಹೆಸರನ್ನು ಬಿಡಿಸಿ ಹೇಳಬಹುದು. ವಾಸ್ತವವಾಗಿ ಡೈನೊಸಾರುಗಳು ಹಲ್ಲಿಯ ವಂಶಕ್ಕೆ ಸೇರಿದವಲ್ಲ. ಇಂದು ಬದುಕಿರುವ ಪ್ರಾಣಿಗಳಲ್ಲಿ ಅವುಗಳಿಗೆ ಅತಿ ಸಮೀಪದ ಬಂಧುಗಳೆಂದರೆ ಹಕ್ಕಿಗಳು. ಆದರೆ ಒಮ್ಮೆ ಇಟ್ಟ ಹೆಸರು, ತಿಳಿವಳಿಕೆ ಬೆಳೆದ ಮೇಲೂ ಹಾಗೆಯೇ ಉಳಿದುಬಿಡುವುದು ಶಾಸ್ತ್ರಗಳಲ್ಲಿ ಸಾಮಾನ್ಯ.

ದೊರೆಯೆಂಬ ಬಿರುದಿಗೆ ಈ ಪ್ರಾಣಿಯು ಯೋಗ್ಯವಾಗಿಯೇ ಇತ್ತು. ಪೂರ್ಣವಾಗಿ ಬೆಳೆದ ಟಿರಾನೊಸಾರಸ್ ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು 12 ಮೀಟರ್ ಉದ್ದವಿದ್ದಿತು. ಅದರ ತೂಕ 8 ಟನ್ನುಗಳ ಆಸುಪಾಸಿನಲ್ಲಿತ್ತೆಂದು ಅಂದಾಜು. ಅಂದರೆ ನಮ್ಮ ಕಾಡಿನ ಎರಡು ಸಲಗಗಳ ತೂಕ. ಅತಿ ದೊಡ್ಡ ಹಲ್ಲು ಬೇರೂ ಸೇರಿದಂತೆ ಒಂದು ಅಡಿಯಷ್ಟು ಉದ್ದವಿದ್ದು, ಬಾಳೆಹಣ್ಣಿನಂತೆ ದಪ್ಪವಾಗಿ ಬಾಗಿತ್ತು. ಇತರ ಮಾಂಸಾಹಾರಿ ಡೈನೊಸಾರುಗಳ ಹಲ್ಲುಗಳು ಚಾಕುವಿನ ಅಲಗಿನಂತೆ ತೆಳುವಾಗಿದ್ದು ಮಾಂಸವನ್ನು ಸೀಳಲು ತಕ್ಕವಾಗಿದ್ದರೆ, ಇದರ ಹಲ್ಲು ಮೂಳೆಯನ್ನು ಪುಡಿಮಾಡಬಲ್ಲದಾಗಿತ್ತು. ಇದು ಕೇವಲ ಊಹೆಯ ಮಾತಲ್ಲ. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದಲ್ಲಿ ಕಲ್ಲಾಗಿ ಉಳಿದ ಒಂದು ಲದ್ದಿ ದೊರೆತಿದೆ. ಅದರ ಉದ್ದ 44 ಸೆಂಟಿಮೀಟರ್. 1998ರಲ್ಲಿ ಕ್ಯಾರೆನ್ ಚಿನ್ ಎಂಬ ವಿಜ್ಞಾನಿಯೂ ಆಕೆಯ ಸಹೋದ್ಯೋಗಿಗಳೂ ಅದನ್ನು ಪರಿಶೀಲಿಸಿದಾಗ, ಅದರ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಪುಡಿಯಾದ ಮೂಳೆಯ ಚೂರುಗಳೇ ಇದ್ದುವು. ಆ ಕಾಲದಲ್ಲಿ, ಆ ನೆಲದಲ್ಲಿ ಇಂತಹ ಲದ್ದಿಯನ್ನು ಹಾಕಬಲ್ಲ ಪ್ರಾಣಿ ಟಿರಾನೊಸಾರಸ್ ಅಲ್ಲದೆ ಬೇರೊಂದು ಇರಲಿಲ್ಲ. ಜ್ಞಾನವು ಎಲ್ಲಿ ಅಡಗಿರುತ್ತದೆಯೋ ಅಲ್ಲಿಂದಲೇ ಅದನ್ನು ತೆಗೆಯಬೇಕಾಗುತ್ತದೆ. ಹೇಸಿಗೆಪಡುವವನಿಗೆ ಈ ವಿದ್ಯೆ ಒಲಿಯದು.

ಇಷ್ಟು ದೊಡ್ಡ ಪ್ರಾಣಿ ಓಡಿ ಬೇಟೆಯಾಡಲು ಸಾಧ್ಯವೇ, ಸತ್ತುಬಿದ್ದ ಪ್ರಾಣಿಗಳನ್ನು ತಿಂದು ಬದುಕುತ್ತಿದ್ದಿರಬಾರದೇಕೆ ಎಂಬ ವಾದವೂ ಕೆಲಕಾಲ ನಡೆಯಿತು. 2013ರಲ್ಲಿ ವರದಿಯಾದ ಒಂದು ಬಾಲದ ಮೂಳೆ ಇದಕ್ಕೆ ಉತ್ತರ ಕೊಟ್ಟಿತು. ಅದು ಎಡ್ಮಂಟೊಸಾರಸ್ ಎಂಬ ಸಸ್ಯಾಹಾರಿಯ ಬಾಲ. ಅದರ ಎರಡು ಮಣಿಗಳ ನಡುವೆ ಟಿರಾನೊಸಾರಸ್ಸಿನ ಹಲ್ಲಿನ ತುದಿ ಮುರಿದು ಸಿಕ್ಕಿಕೊಂಡಿತ್ತು. ಅದರ ಸುತ್ತ ಹೊಸ ಮೂಳೆ ಬೆಳೆದು ಗಾಯ ಮಾದಿತ್ತು. ಸತ್ತ ಪ್ರಾಣಿಯ ಗಾಯ ಮಾಯುವುದಿಲ್ಲ. ಅಟ್ಟಿಬಂದ ದೈತ್ಯನ ಬಾಯಿಂದ ಆ ಎಡ್ಮಂಟೊಸಾರಸ್ ಹೇಗೋ ತಪ್ಪಿಸಿಕೊಂಡು ಬಹುದಿನ ಬದುಕಿತ್ತೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಆ ಕಾಡಿನಲ್ಲಿ ಬೇಟೆಯಾಡುತ್ತಿದ್ದ ಇತರ ಡೈನೊಸಾರುಗಳು ಯಾವುವು? ಈ ಪ್ರಶ್ನೆಯನ್ನು ಕೇಳಿದೊಡನೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ನಾಯಿಯಷ್ಟು, ಹೆಚ್ಚೆಂದರೆ ತೋಳದಷ್ಟು ಗಾತ್ರದ, ಗರಿಗಳನ್ನು ಹೊದ್ದ ಚುರುಕಾದ ಬೇಟೆಗಾರರು ಅಲ್ಲಿದ್ದುವು. 2013ರಲ್ಲಿ ಹೆಸರಿಟ್ಟ ಅಕೆರೊರಾಪ್ಟರ್ ಅಂತಹುದೊಂದು. ಅವುಗಳಿಂದ ಮೇಲಕ್ಕೆ ಹೋದರೆ ಸಿಗುವುದು ನೇರವಾಗಿ 8 ಟನ್ನಿನ ದೊರೆ. ನಡುವಣ ಮೆಟ್ಟಿಲುಗಳೇ ಕಾಣೆಯಾಗಿದ್ದುವು.

ಇದರಲ್ಲಿ ವಿಚಿತ್ರವೇನೆಂಬುದನ್ನು ತಿಳಿಯಲು ಇಂದಿನ ಒಂದು ಕಾಡನ್ನು ನೋಡಬೇಕು. ಕರ್ನಾಟಕದ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಒಂದೇ ಕಾಡನ್ನು ಹಂಚಿಕೊಂಡು ಬಾಳುತ್ತವೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಎಂಬ ವನ್ಯಜೀವಿ ತಜ್ಞರು ಇವು ಮೂರರ ಆಹಾರವನ್ನು ಅಭ್ಯಾಸ ಮಾಡಿ 1995ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಅದರಂತೆ ಹುಲಿ ಕೊಲ್ಲುವ ಮುಖ್ಯ ಬೇಟೆಗಳ ಸರಾಸರಿ ತೂಕ ಸುಮಾರು 91 ಕಿಲೋಗ್ರಾಂ. ಚಿರತೆಯದು ಸುಮಾರು 38. ಸೀಳುನಾಯಿಯದು ಸುಮಾರು 43. ಒಂಟಿಯಾಗಿ ನೋಡಿದರೆ ಚಿರತೆಗಿಂತ ಬಹಳ ಚಿಕ್ಕದಾದ ಸೀಳುನಾಯಿ, ಗುಂಪಾಗಿ ಸೇರಿ ಬೇಟೆಯಾಡುವುದರಿಂದ, ಚಿರತೆಗಿಂತ ತುಸು ದೊಡ್ಡ ಪ್ರಾಣಿಗಳನ್ನೇ ಕೆಡಹುತ್ತದೆ. ಗಾತ್ರವೊಂದೇ ಎಲ್ಲವನ್ನೂ ನಿರ್ಣಯಿಸುವುದಿಲ್ಲ ಎನ್ನುವುದಕ್ಕೆ ಇದು ನಿದರ್ಶನ. ಆದರೂ ಬೇಟೆಗಾರನ ಗಾತ್ರಕ್ಕೂ ಬೇಟೆಯ ಗಾತ್ರಕ್ಕೂ ಇರುವ ನಂಟು ಬಹು ಬಲವಾದುದು. ಇಲಿ ಮೊಲಗಳನ್ನು ಹಿಡಿಯುತ್ತ ಹುಲಿ ಹೊಟ್ಟೆ ಹೊರೆಯಲಾರದು. ಕಾಟಿಯನ್ನು ಕಾಡುಬೆಕ್ಕು ಕೆಣಕಲಾರದು. ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಸುಬು ಇರುವಂತೆ ಕಾಡಿನಲ್ಲಿಯೂ ಒಂದೊಂದು ಪ್ರಾಣಿಗೆ ಒಂದೊಂದು ಕಸುಬು ಇರುತ್ತದೆ. ಹುಲಿಯಿಂದ ಹಿಡಿದು ಮುಂಗುಸಿಯವರೆಗೆ ಬೇಟೆಗಾರರನ್ನು ಸಾಲಾಗಿ ನಿಲ್ಲಿಸಿದರೆ ಗಾತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಾಣಬಹುದು. ಹೆಲ್ ಕ್ರೀಕಿನ ಸಾಲಿನಲ್ಲಿಯೋ ಹುಲಿಯ ಪಕ್ಕದಲ್ಲಿಯೇ ಮುಂಗುಸಿ ನಿಂತಂತಿತ್ತು.

ಇದು ಒಂದು ಕಾಡಿನ ವೈಚಿತ್ರ್ಯವೋ ಅಥವಾ ಡೈನೊಸಾರುಗಳ ಲೋಕದ ಸಾಮಾನ್ಯ ನಿಯಮವೋ? ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಕ್ಯಾಟ್ಲಿನ್ ಶ್ರೋಡರ್ ಮತ್ತು ಜೊತೆಗಾರರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಏಳು ಖಂಡಗಳಿಂದ, ಹದಿಮೂರು ಕೋಟಿಗೂ ಹೆಚ್ಚು ವರ್ಷಗಳ ಅವಧಿಗೆ ಸೇರಿದ 43 ಡೈನೊಸಾರ್ ಸಮುದಾಯಗಳ ಮಾಹಿತಿಯನ್ನು ಅವರು ಒಟ್ಟುಗೂಡಿಸಿದರು. 2021ರಲ್ಲಿ ಪ್ರಕಟವಾದ ಅವರ ಲೇಖನದ ಸಾರ ಹೀಗಿದೆ: ಒಂದು ಟನ್ನಿಗಿಂತ ಹೆಚ್ಚು ತೂಗುವ ದೈತ್ಯ ಮಾಂಸಾಹಾರಿಗಳು ಎಲ್ಲೆಲ್ಲಿ ಇದ್ದುವೋ ಅಲ್ಲೆಲ್ಲ 100ರಿಂದ 1,000 ಕಿಲೋಗ್ರಾಂ ತೂಕದ ನಡುಗಾತ್ರದ ಮಾಂಸಾಹಾರಿಗಳು ಅತಿ ವಿರಳ. ಸಸ್ಯಾಹಾರಿಗಳಲ್ಲಿ ಇಂತಹ ತೆರವು ಇರಲಿಲ್ಲ. ಅಂದರೆ ನಡುಗಾತ್ರದ ಬೇಟೆ ಹೇರಳವಾಗಿತ್ತು, ಅದನ್ನು ಹಿಡಿಯುವ ನಡುಗಾತ್ರದ ಬೇಟೆಗಾರ ಮಾತ್ರ ಇರಲಿಲ್ಲ. ನಿಸರ್ಗದಲ್ಲಿ ಬಡಿಸಿಟ್ಟ ಎಲೆಯ ಮುಂದೆ ಉಣ್ಣುವವನು ಬಾರದೆ ಇರುವುದುಂಟೆ?

ಈ ತೆರವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲ. ಸುಮಾರು ಹದಿನೈದು ಕೋಟಿ ವರ್ಷಗಳ ಹಿಂದಿನ ಜುರಾಸಿಕ್ ಯುಗದಲ್ಲಿ, ಅದೇ ಉತ್ತರ ಅಮೆರಿಕದಲ್ಲಿ, ಅಲೊಸಾರಸ್, ಸೆರಟೊಸಾರಸ್, ಟಾರ್ವೊಸಾರಸ್ ಮುಂತಾದ ಹಲವು ಬಗೆಯ ಬೇಟೆಗಾರರು ಒಟ್ಟಿಗೆ ಇದ್ದುವು. ಅಲ್ಲಿ ತೆರವು ಕಿರಿದು. ಕ್ರಿಟೇಷಿಯಸ್ ಯುಗದ ಕೊನೆಯಲ್ಲಿ ಟಿರಾನೊಸಾರಸ್ಸಿನ ವಂಶ ಮೇಲುಗೈ ಪಡೆದ ಕಡೆಗಳಲ್ಲಿ ಅದು ಹಿರಿದಾಯಿತು. ಆದುದರಿಂದ ಉತ್ತರವನ್ನು ಆ ವಂಶದ ಬಾಳಿನ ರೀತಿಯಲ್ಲಿಯೇ ಹುಡುಕಬೇಕಾಯಿತು.

ಶ್ರೋಡರ್ ಮತ್ತು ಜೊತೆಗಾರರು ಕೊಟ್ಟ ಉತ್ತರ ಸರಳವಾದರೂ ಸೊಗಸಾದುದು. ಹುಲಿಯ ಮರಿ ತಾಯಿಯ ಹಾಲು ಕುಡಿದು, ತಾಯಿ ಕೊಂದ ಬೇಟೆಯನ್ನು ತಿಂದು, ಹೆಚ್ಚುಕಡಮೆ ತಾಯಿಯಷ್ಟೇ ದೊಡ್ಡದಾದ ಮೇಲೆ ಅವಳನ್ನು ಬಿಟ್ಟು ಹೋಗುತ್ತದೆ. ತನ್ನ ಕಾಲ ಮೇಲೆ ತಾನು ನಿಲ್ಲುವ ಹೊತ್ತಿಗೆ ಅದು ದೊಡ್ಡ ಬೇಟೆಗೆ ತಕ್ಕ ದೇಹವನ್ನು ಪಡೆದಿರುತ್ತದೆ. ಡೈನೊಸಾರ್ ಮೊಟ್ಟೆಯಿಂದ ಹುಟ್ಟುವ ಪ್ರಾಣಿ. ಮೊಟ್ಟೆಯ ಗಾತ್ರಕ್ಕೆ ಒಂದು ಮಿತಿಯುಂಟು. ಮೊಟ್ಟೆ ದೊಡ್ಡದಾದಂತೆ ಅದರ ಚಿಪ್ಪು ದಪ್ಪವಾಗಬೇಕು. ಚಿಪ್ಪು ಅತಿಯಾಗಿ ದಪ್ಪವಾದರೆ ಒಳಗಿನ ಮರಿಗೆ ಉಸಿರು ದೊರೆಯುವುದಿಲ್ಲ, ಒಡೆದು ಹೊರಬರುವುದೂ ಆಗುವುದಿಲ್ಲ. ಹೀಗಾಗಿ ತಾಯಿ ಎಷ್ಟೇ ದೊಡ್ಡದಾಗಿರಲಿ, ಮರಿ ಚಿಕ್ಕದಾಗಿಯೇ ಹುಟ್ಟಬೇಕು. ಟಿರಾನೊಸಾರಸ್ ವಂಶಕ್ಕೆ ಸೇರಿದ, ಮೊಟ್ಟೆಯಿಂದ ಇನ್ನೂ ಹೊರಬಾರದ ಮರಿಯೊಂದರ ದವಡೆಯನ್ನು 2021ರಲ್ಲಿ ವಿಜ್ಞಾನಿಗಳು ವರ್ಣಿಸಿದರು. ಅದರ ಉದ್ದ ಮೂರು ಸೆಂಟಿಮೀಟರಿನ ಆಸುಪಾಸು. ಅದರಿಂದ ಲೆಕ್ಕ ಹಾಕಿದರೆ ಮರಿಯ ಉದ್ದ, ಬಾಲವೂ ಸೇರಿ, ಮೂರು ಅಡಿಯನ್ನು ಮೀರದು. ಮೂರು ಅಡಿಯ ಈ ಮರಿ 40 ಅಡಿಯ ದೊರೆಯಾಗಬೇಕು. ಕೆಲವೇ ಕಿಲೋಗ್ರಾಂ ತೂಕದಿಂದ ಹೊರಟು ಸಾವಿರ ಪಾಲು ಬೆಳೆಯಬೇಕು.

ಬೆಳೆಯಲು ಎಷ್ಟು ಕಾಲ ಬೇಕಾಯಿತೆಂಬುದನ್ನು ಮೂಳೆಯೇ ಹೇಳುತ್ತದೆ. ಮರದ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುವ ಹಾಗೆ, ಡೈನೊಸಾರಿನ ಕಾಲಿನ ಮೂಳೆಯಿಂದ ತೆಳುವಾದ ಪದರವನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೆಳವಣಿಗೆಯ ಗೆರೆಗಳು ಕಾಣುತ್ತವೆ. ಬೆಳವಣಿಗೆ ಭರದಿಂದ ಸಾಗಿದ ವರ್ಷಗಳಲ್ಲಿ ಗೆರೆಗಳ ನಡುವಣ ಅಂತರ ಹೆಚ್ಚು. ಬೆಳವಣಿಗೆ ನಿಂತಾಗ ಗೆರೆಗಳು ಮೂಳೆಯ ಹೊರ ಅಂಚಿನಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಗ್ರೆಗರಿ ಎರಿಕ್ಸನ್ ಮತ್ತು ಸಂಗಡಿಗರು 2004ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಟಿರಾನೊಸಾರಸ್ ಹದಿನಾಲ್ಕರಿಂದ ಹದಿನೆಂಟನೆಯ ವಯಸ್ಸಿನ ನಡುವೆ ದಿನವೊಂದಕ್ಕೆ ಎರಡು ಕಿಲೋಗ್ರಾಮಿನಂತೆ ತೂಕ ಕೂಡಿಸಿಕೊಳ್ಳುತ್ತಿತ್ತು. ಅದಕ್ಕೆ ಮೊದಲಿನ ಹತ್ತಾರು ವರ್ಷಗಳನ್ನು ಅದು ಚಿಕ್ಕ ಪ್ರಾಣಿಯಾಗಿ, ಅನಂತರ ನಡುಗಾತ್ರದ ಪ್ರಾಣಿಯಾಗಿ ಕಳೆಯಬೇಕಾಗಿತ್ತು.

ಆ ವರ್ಷಗಳಲ್ಲಿ ಅದು ಏನು ತಿನ್ನುತ್ತಿತ್ತು? ತಂದೆತಾಯಿಗಳ ಕಸುಬು ಅದಕ್ಕೆ ಸಾಧ್ಯವಿರಲಿಲ್ಲ. ಮೊಸಳೆಯ ಬಾಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಗೇಣುದ್ದದ ಮೊಸಳೆಮರಿ ನೀರಿನ ಅಂಚಿನಲ್ಲಿ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ಬೆಳೆದಂತೆ ಕಪ್ಪೆ, ಮೀನುಗಳಿಗೆ ಕೈಹಾಕುತ್ತದೆ. ಪೂರ್ಣಗಾತ್ರಕ್ಕೆ ಬಂದಮೇಲೆ ನೀರು ಕುಡಿಯಲು ಬಂದ ಜಿಂಕೆಯನ್ನು ಎಳೆದೊಯ್ಯುತ್ತದೆ. ಇಂಡೊನೇಷ್ಯದ ಕೊಮೊಡೊ ಉಡದ ಮರಿಗಳಂತೂ ಮರದ ಮೇಲೆಯೇ ಬಾಳುತ್ತವೆ. ಕೆಳಗಿಳಿದರೆ ಹಿರಿಯ ಉಡಗಳೇ ಅವುಗಳನ್ನು ತಿಂದುಹಾಕುತ್ತವೆ. ಹುಲಿಯ ಹೊಟ್ಟೆಯಲ್ಲಿ ನರಿ ಹುಟ್ಟುವುದಿಲ್ಲ ಎಂಬ ಮಾತುಂಟು. ಟಿರಾನೊಸಾರಸ್ಸಿನ ವಂಶದಲ್ಲಿ ಮಾತ್ರ ಹುಟ್ಟಿದ ಮರಿ ಮೊದಲು ನರಿಯಂತೆ, ಬಳಿಕ ತೋಳದಂತೆ, ಅನಂತರ ಸಿಂಹದಂತೆ ಬಾಳಿ, ಕೊನೆಯಲ್ಲಿ ದೊರೆಯಾಗುತ್ತಿತ್ತು. ನಡುಗಾತ್ರದ ಕಸುಬನ್ನು ದೊರೆಯ ಮಕ್ಕಳೇ ವಹಿಸಿಕೊಂಡಿದ್ದರಿಂದ ಬೇರೆ ಪ್ರಭೇದಕ್ಕೆ ಅಲ್ಲಿ ಅವಕಾಶವೇ ಉಳಿಯಲಿಲ್ಲ ಎಂಬುದು ಆ ವಿಜ್ಞಾನಿಗಳ ಉತ್ತರವಾಗಿತ್ತು.

ಈ ವಿವರಣೆಗೆ ಹೆಲ್ ಕ್ರೀಕಿನಲ್ಲಿ ಒಬ್ಬ ಸಾಕ್ಷಿಯೂ ಸಿದ್ಧನಿದ್ದ. 2001ರಲ್ಲಿ ಅಲ್ಲಿ ಸಿಕ್ಕ ಒಂದು ಅಸ್ಥಿಪಂಜರ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿತ್ತು. ಅದಕ್ಕೆ ಜೇನ್ ಎಂದು ಹೆಸರಿಟ್ಟಿದ್ದರು. ಅದು ಹೆಣ್ಣೋ ಗಂಡೋ ಬಲ್ಲವರಿರಲಿಲ್ಲ. ಸುಮಾರು ಆರೂವರೆ ಮೀಟರ್ ಉದ್ದದ ಪ್ರಾಣಿ. ನೀಳವಾದ ಕಾಲುಗಳು, ತೆಳ್ಳನೆಯ ಮೈ, ಚಾಕುವಿನಂತಹ ಹಲ್ಲುಗಳು. 2020ರಲ್ಲಿ ಅದರ ಮೂಳೆಯ ಉಂಗುರಗಳನ್ನು ಎಣಿಸಿದಾಗ ಅದಕ್ಕೆ ಸಾಯುವಾಗ ಕನಿಷ್ಠ ಹದಿಮೂರು ವರ್ಷವೆಂದೂ ಇನ್ನೂ ಬೆಳೆಯುತ್ತಲೇ ಇತ್ತೆಂದೂ ತಿಳಿಯಿತು. ಹದಿಹರೆಯದ ಟಿರಾನೊಸಾರಸ್ ಹೇಗಿದ್ದಿರಬೇಕೋ ಜೇನ್ ಹಾಗೆಯೇ ಇತ್ತು. ಒಗಟು ಬಿಡಿಸಿದಂತಾಯಿತೆಂದು ಬಹುಮಂದಿ ನಂಬಿದರು.

ಆದರೆ ಈ ಕಥೆಗೆ ಹಳೆಯ ತಕರಾರೊಂದು ಅಂಟಿಕೊಂಡಿತ್ತು. 1942ರಲ್ಲಿ ಕ್ಲೀವ್‌ಲ್ಯಾಂಡಿನ ಪ್ರಕೃತಿ ವಸ್ತುಸಂಗ್ರಹಾಲಯದವರಿಗೆ ಹೆಲ್ ಕ್ರೀಕಿನ ಬಂಡೆಗಳಲ್ಲಿ ಒಂದು ತಲೆಬುರುಡೆ ದೊರೆತಿತ್ತು. ಅದರ ಉದ್ದ 57 ಸೆಂಟಿಮೀಟರ್. ಬೆಳೆದ ಟಿರಾನೊಸಾರಸ್ಸಿನ ಬುರುಡೆಯ ಅರ್ಧಕ್ಕೂ ಕಡಮೆ. ಚಾರ್ಲ್ಸ್ ಗಿಲ್ಮೋರ್ ಅದನ್ನು ಗೊರ್ಗೊಸಾರಸ್ ಎಂಬ ಬೇರೊಂದು ಪ್ರಾಣಿಯ ಕುಲಕ್ಕೆ ಸೇರಿಸಿ ವರ್ಣಿಸಿದನು. ಆ ಬರೆಹ 1946ರಲ್ಲಿ ಅಚ್ಚಾಗಿ ಹೊರಬರುವ ವೇಳೆಗೆ ಅವನು ತೀರಿಕೊಂಡಿದ್ದನು. 1988ರಲ್ಲಿ ಮೂವರು ವಿಜ್ಞಾನಿಗಳು ಅದೇ ಬುರುಡೆಯನ್ನು ಮತ್ತೆ ಪರೀಕ್ಷಿಸಿ, ಇದು ಪೂರ್ಣವಾಗಿ ಬೆಳೆದ ಒಂದು ಚಿಕ್ಕ ಪ್ರಭೇದವೆಂದು ಸಾರಿ ನ್ಯಾನೊಟಿರಾನಸ್ ಎಂಬ ಹೊಸ ಹೆಸರಿಟ್ಟರು. ಕುಬ್ಜ ದಬ್ಬಾಳಿಕೆಗಾರ ಎಂದು ಅದರ ಅರ್ಥ. 1999ರಲ್ಲಿ ಥಾಮಸ್ ಕಾರ್ ಇದನ್ನು ಅಲ್ಲಗಳೆದು, ಇದು ಟಿರಾನೊಸಾರಸ್ಸಿನ ಮರಿಯೇ ಹೊರತು ಬೇರೆಯಲ್ಲ ಎಂದು ಕಾರಣಸಹಿತವಾಗಿ ವಾದಿಸಿದನು. ಮುಂದೆ ಎರಡು ದಶಕಗಳ ಕಾಲ ಹೆಚ್ಚಿನ ವಿದ್ವಾಂಸರು ಕಾರ್‌ನ ಪಕ್ಷವನ್ನೇ ಹಿಡಿದರು. ಜೇನ್ ಕೂಡ ಅದೇ ಬುರುಡೆಯ ಜಾತಿಯದು. ಬುರುಡೆಯು ಮರಿಯದಾದರೆ ಜೇನ್ ಕೂಡ ಮರಿ; ಬುರುಡೆಯು ಬೇರೆ ಪ್ರಭೇದದ್ದಾದರೆ ಜೇನ್ ಕೂಡ ಬೇರೆ. ನಡುಗಾತ್ರದ ಬೇಟೆಗಾರ ದೊರೆಯ ಮಗನೋ ಅಥವಾ ದೊರೆಯ ಎದುರಾಳಿಯೋ ಎಂಬುದೇ ಇಲ್ಲಿನ ಪ್ರಶ್ನೆ.

ಉತ್ತರ ನೆಲದಡಿಯಿಂದ ಮೇಲೆ ಬಂದುದು 2006ರಲ್ಲಿ. ಮಾಂಟಾನಾದ ಖಾಸಗಿ ಜಮೀನೊಂದರಲ್ಲಿ ಮೂರು ಕೊಂಬಿನ ಸಸ್ಯಾಹಾರಿ ಟ್ರೈಸೆರಾಟಾಪ್ಸ್ ಒಂದರ ಪಕ್ಕದಲ್ಲಿಯೇ ಹುದುಗಿದ್ದ ಚಿಕ್ಕ ಟಿರಾನೊಸಾರ್ ಒಂದು ಸಿಕ್ಕಿತು. ಎರಡೂ ಕಾದಾಡುತ್ತಲೇ ಸತ್ತುವೆಂದು ಕಲ್ಪಿಸಿ ಜನ ಅವುಗಳನ್ನು ಕಾದಾಡುವ ಡೈನೊಸಾರುಗಳೆಂದು ಕರೆದರು. ಆದರೆ ವಿಜ್ಞಾನಿಗಳ ಕೈಗೆ ಅವು ಬರಲು ಹದಿನಾಲ್ಕು ವರ್ಷಗಳೇ ಹಿಡಿದುವು. ಅವುಗಳ ಬೆಲೆ ದೊಡ್ಡದಾಗಿತ್ತು. ಮೇಲಾಗಿ ಪಳೆಯುಳಿಕೆಯು ಖನಿಜವೆನಿಸುತ್ತದೆಯೇ ಇಲ್ಲವೇ, ಅದು ನೆಲದ ಒಡೆಯನಿಗೆ ಸಲ್ಲಬೇಕೋ ಖನಿಜದ ಹಕ್ಕುಳ್ಳವನಿಗೆ ಸಲ್ಲಬೇಕೋ ಎಂಬ ವ್ಯಾಜ್ಯವೂ ಬೆಳೆಯಿತು. 2020ರಲ್ಲಿ ಮಾಂಟಾನಾದ ಶ್ರೇಷ್ಠ ನ್ಯಾಯಾಲಯವು ಪಳೆಯುಳಿಕೆ ಖನಿಜವಲ್ಲವೆಂದು ತೀರ್ಪಿತ್ತಿತು. ಅದೇ ವರ್ಷ ಉತ್ತರ ಕ್ಯಾರೊಲಿನಾದ ನಿಸರ್ಗ ವಿಜ್ಞಾನಗಳ ವಸ್ತುಸಂಗ್ರಹಾಲಯವು ಅವುಗಳನ್ನು ಪಡೆದುಕೊಂಡಿತು.

ಅಲ್ಲಿ ಲಿಂಡ್ಸೆ ಝ್ಯಾನೊ ಮತ್ತು ಜೇಮ್ಸ್ ನೆಪೊಲಿ ಎಂಬಿಬ್ಬರು ಆ ಚಿಕ್ಕ ಟಿರಾನೊಸಾರಿನ ಕಾಲಿನ ಮೂಳೆಯನ್ನು ಕೊಯ್ದು ನೋಡಿದರು. ಉಂಗುರಗಳು ಹೊರ ಅಂಚಿನಲ್ಲಿ ಒತ್ತೊತ್ತಾಗಿ ಸೇರಿಕೊಂಡಿದ್ದುವು. ಪ್ರಾಣಿಗೆ ಸುಮಾರು ಇಪ್ಪತ್ತು ವರ್ಷ, ಬೆಳವಣಿಗೆ ಮುಗಿದಿತ್ತು, ತೂಕ ಮಾತ್ರ ಸುಮಾರು 700 ಕಿಲೋಗ್ರಾಂ. ಅದರ ಬಾಯಲ್ಲಿ ಟಿರಾನೊಸಾರಸ್ಸಿಗಿಂತ ಹೆಚ್ಚು ಹಲ್ಲುಗಳಿದ್ದುವು, ಬಾಲದಲ್ಲಿ ಮಣಿಗಳು ಕಡಮೆ ಇದ್ದುವು. ಮುಂಗೈಯಂತೂ ತನಗಿಂತ ಹತ್ತುಪಾಲು ತೂಗುವ ದೊರೆಯ ಮುಂಗೈಗಿಂತ ದೊಡ್ಡದಾಗಿತ್ತು. ಪ್ರಾಣಿ ಬೆಳೆದಂತೆ ಮೈ ದೊಡ್ಡದಾಗುವುದುಂಟು. ಮೂಳೆಯ ಕೈ ಕುಗ್ಗಿ ಚಿಕ್ಕದಾಗುವುದಿಲ್ಲ. 2025ರ ಅಕ್ಟೋಬರಿನಲ್ಲಿ ಅವರ ಲೇಖನ ಪ್ರಕಟವಾಯಿತು. ನ್ಯಾನೊಟಿರಾನಸ್ ಬೇರೆಯೇ ಪ್ರಾಣಿ, ಜೇನ್ ಸಹ ಅದರದೇ ಕುಲದ ಮತ್ತೊಂದು ಪ್ರಭೇದ ಎಂಬುದು ಅವರ ತೀರ್ಮಾನ. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೊಂದು ತಂಡವು 1942ರ ಆ ಬುರುಡೆಯೊಂದಿಗೆ ಉಳಿದಿದ್ದ ಗಂಟಲಿನ ಪುಟ್ಟ ಮೂಳೆಯೊಂದನ್ನು ಪರೀಕ್ಷಿಸಿ, ಆ ಪ್ರಾಣಿಯೂ ಎಳೆಯದಾಗಿರಲಿಲ್ಲವೆಂದು ತಿಳಿಸಿತು. ಎಂಬತ್ತು ವರ್ಷಗಳಿಂದ ಗಾಜಿನ ಪೆಟ್ಟಿಗೆಯಲ್ಲಿದ್ದ ಬುರುಡೆಯ ಬಳಿಯಲ್ಲಿಯೇ ಉತ್ತರವೂ ಇದ್ದಿತು!

ಹೀಗೆ ವಿವರಣೆಯ ಮುಖ್ಯ ಸಾಕ್ಷಿಯೇ ಪಕ್ಷಾಂತರ ಮಾಡಿದಂತಾಯಿತು. ಹೆಲ್ ಕ್ರೀಕಿನಲ್ಲಿ ನಡುಗಾತ್ರದ ಬೇಟೆಗಾರ ಒಬ್ಬನಿದ್ದ. ನೀಳಗಾಲಿನ, ದೊಡ್ಡ ಕೈಯ, ವೇಗಶಾಲಿಯಾದ ಬೇಟೆಗಾರ. ಮರಿಯೆಂದು ಭಾವಿಸಿ ಅವನನ್ನು ಲೆಕ್ಕದಿಂದ ಬಿಟ್ಟಿದ್ದರು. ಇದನ್ನು ಕಂಡು ಹಿಂದಿನವರು ಅವಿವೇಕಿಗಳೆನ್ನುವುದು ಸರಿಯಲ್ಲ. ಕೈಯಲ್ಲಿದ್ದ ಮೂಳೆಗಳಿಂದ ಅವರು ಕಟ್ಟಿದ ವಾದ ನ್ಯಾಯವಾಗಿಯೇ ಇತ್ತು. ಬೇಕಾದ ಮೂಳೆ ಮಾತ್ರ ಮಾರಾಟದ ಮಾತುಕತೆ, ವ್ಯಾಜ್ಯಗಳ ನಡುವೆ ಸಿಕ್ಕಿಕೊಂಡಿತ್ತು.

ಹಾಗಾದರೆ ದೊರೆಯ ಮಕ್ಕಳು ಬೇರೆ ಕಸುಬು ಮಾಡುತ್ತಿದ್ದುವೆಂಬ ಮಾತು ಪೂರ್ತಿ ಸುಳ್ಳಾಯಿತೇ? ಅವಸರದಿಂದ ಹಾಗೆನ್ನುವಂತಿಲ್ಲ. ಒಂದು ಪ್ರಾಣಿ ಏನನ್ನು ತಿನ್ನುತ್ತಿತ್ತೆಂಬುದಕ್ಕೆ ಹಲ್ಲು ಕಾಲುಗಳ ಆಕಾರಕ್ಕಿಂತ ನಂಬಲರ್ಹವಾದ ಸಾಕ್ಷಿಯೆಂದರೆ ಅದರ ಹೊಟ್ಟೆ. 1983ರಲ್ಲಿ ಇಂಗ್ಲೆಂಡಿನ ಸರ್ರಿ ಪ್ರಾಂತದ ಜೇಡಿಮಣ್ಣಿನ ಹೊಂಡವೊಂದರಲ್ಲಿ ವಿಲಿಯಂ ವಾಕರ್ ಎಂಬ ಹವ್ಯಾಸಿ ಸಂಗ್ರಾಹಕನಿಗೆ ಒಂದು ಅಡಿಯಷ್ಟು ಉದ್ದದ ಬಾಗಿದ ಉಗುರೊಂದು ಸಿಕ್ಕಿತು. ಅಲ್ಲಿ ಅಗೆದಾಗ ಹೊರಬಂದ ಪ್ರಾಣಿಗೆ 1986ರಲ್ಲಿ ಬ್ಯಾರಿಯೋನಿಕ್ಸ್, ಅಂದರೆ ಭಾರಿ ಉಗುರು, ಎಂದು ಹೆಸರಿಟ್ಟರು. ಅದರ ಪಕ್ಕೆಲುಬುಗಳ ನಡುವೆ ಜೀರ್ಣರಸಕ್ಕೆ ಸಿಕ್ಕು ಸವೆದ ಮೀನಿನ ಹುರುಪೆಗಳು ಇದ್ದುವು. ಜೊತೆಗೆ ಇಗ್ವಾನೊಡಾನ್ ಜಾತಿಯ ಒಂದು ಎಳೆಯ ಸಸ್ಯಾಹಾರಿಯ ಮೂಳೆಗಳೂ ಇದ್ದುವು. ಮೊಸಳೆಯಂತೆ ಉದ್ದನೆಯ ಮೂತಿಯುಳ್ಳ ಈ ದೈತ್ಯ ಮೀನು ಹಿಡಿಯುತ್ತಿತ್ತೆಂಬುದಕ್ಕೆ ಇನ್ನು ವಾದ ಬೇಕಾಗಲಿಲ್ಲ.

ಅಂತಹ ಸಾಕ್ಷಿ ಟಿರಾನೊಸಾರಸ್ಸಿನ ವಂಶದಲ್ಲಿಯೂ ದೊರೆಯಿತು. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ, ಏಳೂವರೆ ಕೋಟಿ ವರ್ಷಗಳಷ್ಟು ಹಳೆಯ ಬಂಡೆಗಳಲ್ಲಿ, 2009ರಲ್ಲಿ ಒಂದು ಎಳೆಯ ಗೊರ್ಗೊಸಾರಸ್ಸಿನ ಅಸ್ಥಿಪಂಜರ ಸಿಕ್ಕಿತು. ಗೊರ್ಗೊಸಾರಸ್ ಟಿರಾನೊಸಾರಸ್ಸಿನ ಹತ್ತಿರದ ಬಂಧು. ಬೆಳೆದಾಗ ಅದರ ತೂಕ ಎರಡು ಮೂರು ಟನ್ನುಗಳು. ಈ ಮರಿಗಾದರೋ ಐದರಿಂದ ಏಳು ವರ್ಷ, ತೂಕ ಸುಮಾರು 335 ಕಿಲೋಗ್ರಾಂ. ಎಂದರೆ ಕಾಣೆಯಾಗಿದ್ದ ಆ ನಡುಗಾತ್ರವೇ. ಮೂಳೆಗಳನ್ನು ಕಲ್ಲಿನಿಂದ ಬಿಡಿಸುತ್ತಿದ್ದ ತಂತ್ರಜ್ಞನಿಗೆ ಪಕ್ಕೆಲುಬುಗಳ ನಡುವೆ ಕಾಲ್ಬೆರಳಿನ ಸಣ್ಣ ಮೂಳೆಗಳು ಕಂಡುವು. ಅವು ಅಲ್ಲಿ ಇರತಕ್ಕವಲ್ಲ. ಎಚ್ಚರದಿಂದ ಇನ್ನಷ್ಟು ಕಲ್ಲನ್ನು ತೆಗೆದಾಗ ಎರಡು ಪುಟ್ಟ ಡೈನೊಸಾರುಗಳ ಹಿಂಗಾಲುಗಳು ಹೊರಬಂದುವು. ಅವು ಸಿಟಿಪೆಸ್ ಎಂಬ ಹಕ್ಕಿಯಂತಹ ಪ್ರಾಣಿಗಳು. ಎರಡಕ್ಕೂ ಒಂದು ವರ್ಷ ತುಂಬಿರಲಿಲ್ಲ.

ಫ್ರಾನ್ಸ್ವಾ ಥೆರಿಯನ್, ಡಾರ್ಲಾ ಝೆಲೆನಿಟ್ಸ್ಕಿ ಮುಂತಾದವರು 2023ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಜೊತೆ ಕಾಲುಗಳು ಇನ್ನೊಂದಕ್ಕಿಂತ ಹೆಚ್ಚು ಜೀರ್ಣವಾಗಿದ್ದುವು. ಅಂದರೆ ಮರಿಯು ಇವೆರಡನ್ನೂ ಒಂದೇ ಹೊತ್ತಿಗೆ ತಿಂದಿರಲಿಲ್ಲ. ಇದು ಅದರ ನಿತ್ಯದ ಊಟವಾಗಿದ್ದಿರಬೇಕು. ಉಳಿದ ಮೈಯನ್ನು ಬಿಟ್ಟು ಹೆಚ್ಚು ಮಾಂಸವಿರುವ ಹಿಂಗಾಲುಗಳನ್ನಷ್ಟೆ ಕಿತ್ತು ನುಂಗಿತ್ತು. ಬೆಳೆದ ಗೊರ್ಗೊಸಾರಸ್ಸಾದರೋ ಕೊಂಬಿನ ಡೈನೊಸಾರುಗಳನ್ನೂ ಬಾತುಮೂತಿಯ ಡೈನೊಸಾರುಗಳನ್ನೂ ಬೇಟೆಯಾಡಿ ಮೂಳೆಸಹಿತವಾಗಿ ಅಗಿಯುತ್ತಿತ್ತು. ತಂದೆಯ ಊಟವೇ ಬೇರೆ, ಮಗನ ಊಟವೇ ಬೇರೆ. ಕೋಳಿಗಾತ್ರವನ್ನು ಮೀರಿದ ಪುಟ್ಟ ಪ್ರಾಣಿಯ ಕಾಲುಗಳು ಕೋಟಿಗಟ್ಟಲೆ ವರ್ಷ ಕಾದಿದ್ದು ಈ ಸಾಕ್ಷ್ಯವನ್ನು ನುಡಿದುವು. ಆದುದರಿಂದ ಆಲ್ಬರ್ಟಾದ ಮಟ್ಟಿಗೆ, ದೊರೆಯ ಮಕ್ಕಳೇ ನಡುಗಾತ್ರದ ಕಸುಬನ್ನು ಮಾಡುತ್ತಿದ್ದುವೆಂಬ ವಿವರಣೆ ಗಟ್ಟಿಯಾಗಿಯೇ ನಿಂತಿದೆ. ಹೆಲ್ ಕ್ರೀಕಿನಲ್ಲಿ ಮಾತ್ರ ಟಿರಾನೊಸಾರಸ್ಸಿನ ಮರಿಗಳು ನ್ಯಾನೊಟಿರಾನಸ್ಸಿನೊಂದಿಗೆ ಬೇಟೆಯನ್ನು ಹಂಚಿಕೊಳ್ಳಬೇಕಾಗಿತ್ತು. ಹಂಚಿಕೆ ಹೇಗಿತ್ತೆಂಬುದನ್ನು ಹೇಳಲು ನಿಸ್ಸಂದೇಹವಾಗಿ ಟಿರಾನೊಸಾರಸ್ಸಿನದೇ ಆದ ಎಳೆಯ ಅಸ್ಥಿಪಂಜರಗಳು ಬೇಕು. ಅವು ತೀರ ವಿರಳ.

2022ರ ಬೇಸಗೆಯಲ್ಲಿ ಉತ್ತರ ಡಕೋಟಾ ರಾಜ್ಯದ ಬೋಳುಗುಡ್ಡಗಳಲ್ಲಿ, ಹೆಲ್ ಕ್ರೀಕಿನದೇ ಪದರಗಳಲ್ಲಿ, ಮೂವರು ಬಾಲಕರು ಹಿರಿಯರೊಬ್ಬರೊಂದಿಗೆ ಅಲೆದಾಡುತ್ತಿದ್ದರು. ಅವರಲ್ಲಿ ಯಾರೂ ಹತ್ತು ವರ್ಷವನ್ನು ಮೀರಿದವರಲ್ಲ. ನೆಲದಿಂದ ಹೊರಚಾಚಿದ್ದ ಕಾಲಿನ ಮೂಳೆಯೊಂದು ಅವರ ಕಣ್ಣಿಗೆ ಬಿದ್ದಿತು. ಅದರ ಚಿತ್ರವನ್ನು ಡೆನ್ವರ್ ನಗರದ ವಸ್ತುಸಂಗ್ರಹಾಲಯದ ತಜ್ಞರಿಗೆ ಕಳುಹಿಸಿದಾಗ, ಸಾಮಾನ್ಯವಾಗಿ ಸಿಗುವ ಬಾತುಮೂತಿಯ ಡೈನೊಸಾರ್ ಇರಬೇಕೆಂದು ಅವರು ಎಣಿಸಿದರು. ಮರುವರ್ಷ ಅಗೆಯಲು ಹೊರಟಾಗ ಹಲ್ಲುಗಳುಳ್ಳ ಕೆಳದವಡೆಯೊಂದು ಕಾಣಿಸಿತು. ಹಲ್ಲುಗಳು ಮಾಂಸಾಹಾರಿಯವು. 2024ರಲ್ಲಿ ವಸ್ತುಸಂಗ್ರಹಾಲಯದವರು ಅದನ್ನು ಹದಿಹರೆಯದ ಟಿರಾನೊಸಾರಸ್ ರೆಕ್ಸ್ ಎಂದು ಜಗತ್ತಿಗೆ ತಿಳಿಸಿ, ಕಲ್ಲಿನಿಂದ ಮೂಳೆಗಳನ್ನು ಬಿಡಿಸುವ ಕೆಲಸವನ್ನು ಜನರ ಕಣ್ಣೆದುರಿನಲ್ಲಿಯೇ ಆರಂಭಿಸಿದರು. ಮರುವರ್ಷ ನ್ಯಾನೊಟಿರಾನಸ್ಸಿನ ಸುದ್ದಿ ಬಂದಿತು. ಬಾಲಕರು ಕಂಡ ಆ ಪ್ರಾಣಿಯ ಹಲ್ಲುಗಳನ್ನೂ ಕೈಯನ್ನೂ ಮೂಳೆಯ ಉಂಗುರಗಳನ್ನೂ ಇನ್ನು ಈ ಹೊಸ ಕಣ್ಣಿನಿಂದ ನೋಡಬೇಕಾಗಿದೆ.